ಯಾರನ್ನು ಕೇಳಿ ಎಣ್ಣೆ ತುಂಬಿಸಿದಿರಿ?

1990ರ ಆಗಸ್ಟ್‌ನಲ್ಲಿ ಕುವೈತಿಗೆ ಇರಾಕಿನ ಸೇನೆ ನುಗ್ಗಿದ ಮೇಲೆ ಮುಂಬಯಿಯ ಸಹಾರ್ ವಿಮಾನ ನಿಲ್ದಾಣಕ್ಕೆ ಎರಡು ತಿಂಗಳು ಜನ ಬಂದಿಳಿಯುತ್ತಲೇ ಇದ್ದರು. ಜೋರ್ಡಾನಿನ ಅಮ್ಮಾನ್‌ನಿಂದ ಏರ್ ಇಂಡಿಯಾ 488 ಸಲ ಹಾರಾಟ ನಡೆಸಿ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಕರೆತಂದಿತು. ಅವರಲ್ಲಿ ನಮ್ಮ ಕರಾವಳಿಯವರೂ ಇದ್ದರು. ಮನೆಯ ಸಾಲ ತೀರಿಸಲು, ತಂಗಿಯ ಮದುವೆಗೆ ಒಂದಿಷ್ಟು ಕೂಡಿಡಲು ಮರಳುಗಾಡಿಗೆ ಹೋದವರು, ಉಟ್ಟ ಬಟ್ಟೆಯಲ್ಲಿ ಮರಳಿದರು. ವರ್ಷಗಟ್ಟಲೆ ದುಡಿದು ಗಳಿಸಿದ ದಿನಾರು ಬೆಲೆಯಿಲ್ಲದ ಕಾಗದವಾಗಿತ್ತು. ಯುದ್ಧವೆಂದರೆ ಏನು ಎಂಬುದನ್ನು ಈ ಊರು ಕಣ್ಣಾರೆ ಕಂಡಿತ್ತು.

ಕೆಲವೇ ತಿಂಗಳು ಕಳೆಯಿತು. 1991ರ ಜನವರಿಯಲ್ಲಿ ಅದೇ ಸಹಾರ್‌ನಲ್ಲಿ ಅಮೆರಿಕದ ಸೇನಾ ವಿಮಾನಗಳು ಇಳಿದು ಇಂಧನ ತುಂಬಿಸಿಕೊಂಡು ಕೊಲ್ಲಿಯ ಕಡೆಗೆ ಹಾರಿದವು. ಆಗಿನ ಪ್ರಧಾನಿ ಚಂದ್ರಶೇಖರ್ ಅವರ ಸರಕಾರ ಅನುಮತಿ ಕೊಟ್ಟಿತ್ತು. ಮದ್ರಾಸಿನಲ್ಲಿ, ಆಗ್ರಾದಲ್ಲಿ ಕೂಡ ಇದೇ ನಡೆಯಿತು. ಸಂಸತ್ತಿನಲ್ಲಿ ಚರ್ಚೆಯಾಗಲಿಲ್ಲ, ಜನರಿಗೆ ತಿಳಿಸಲಿಲ್ಲ. ಪತ್ರಿಕೆಗಳು ಬಯಲು ಮಾಡಿದ ಮೇಲೆಯೇ ದೇಶಕ್ಕೆ ಗೊತ್ತಾದದ್ದು. ಆ ವಿಮಾನಗಳಲ್ಲಿ ಮಾರಕಾಸ್ತ್ರಗಳಿಲ್ಲ ಎಂಬ ಸಮಜಾಯಿಷಿ ಬಂತು. ಗದ್ದಲ ಜೋರಾಯಿತು, ಫೆಬ್ರುವರಿಯಲ್ಲಿ ಇಂಧನ ಕೊಡುವುದು ನಿಂತಿತು, ಮಾರ್ಚ್ ಮೊದಲ ವಾರದಲ್ಲಿ ಸರಕಾರವೇ ಬಿತ್ತು. ಅಲ್ಲಿಗೆ ಆ ಕಥೆ ಮುಗಿಯಿತೆಂದು ನಾವು ಮರೆತೆವು. ನಾವು ಮರೆಯಬಾರದಿತ್ತು. ಯಾರ ಯುದ್ಧಕ್ಕೆ, ಯಾವ ನೆಲೆಗಳ ಸರಪಳಿಗೆ ನಮ್ಮ ಊರನ್ನು ಒಂದು ಕೊಂಡಿಯಾಗಿ ಸೇರಿಸಲಾಗಿತ್ತು ಎಂದು ಆಗಲೇ ಕೇಳಬೇಕಿತ್ತು.

ಭೂಪಟ ತೆಗೆದು ಮುಂಬಯಿಯಿಂದ ನೇರ ದಕ್ಷಿಣಕ್ಕೆ ಒಂದು ಗೆರೆ ಎಳೆಯಿರಿ. ಅರಬ್ಬಿ ಸಮುದ್ರ, ಲಕ್ಷದ್ವೀಪ, ಮಾಲ್ಡೀವ್ಸ್‌ನ ಅಂಚು ದಾಟಿ, ಸುಮಾರು 2,900 ಕಿಲೋಮೀಟರ್ ಕೆಳಗೆ ಬೆರಳು ನಿಲ್ಲುವುದು ಡಿಯೆಗೊ ಗಾರ್ಸಿಯಾ ಎಂಬ ಹವಳದ ದ್ವೀಪದ ಹತ್ತಿರ. ಮುಂಬಯಿಯೂ ಅದೂ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. 1991ರಲ್ಲಿ ಇರಾಕಿನ ಮೇಲೆ ಬಾಂಬು ಸುರಿಯಲು ಅಮೆರಿಕದ ಬಿ-52 ವಿಮಾನಗಳು ಹಾರಿದ್ದು ಅಲ್ಲಿಂದ. 2001ರಲ್ಲಿ ಅಫ್ಘಾನಿಸ್ತಾನಕ್ಕೆ, 2003ರಲ್ಲಿ ಮತ್ತೆ ಇರಾಕಿಗೆ ಅಲ್ಲಿಂದಲೇ. 2025ರ ವಸಂತದಲ್ಲಿ ಬಿ-2 ಬಾಂಬರುಗಳನ್ನು ಸಾಲಾಗಿ ತಂದು ನಿಲ್ಲಿಸಿದ್ದೂ ಅಲ್ಲಿಯೇ. ಅಪಹರಿಸಿದ ಶಂಕಿತರನ್ನು ಹೊತ್ತ ಎರಡು ಅಮೆರಿಕನ್ ವಿಮಾನಗಳು 2002ರಲ್ಲಿ ಅಲ್ಲಿ ಇಂಧನ ತುಂಬಿಸಿಕೊಂಡವೆಂದು ಬ್ರಿಟನ್ನಿನ ವಿದೇಶಾಂಗ ಮಂತ್ರಿ ಡೇವಿಡ್ ಮಿಲಿಬ್ಯಾಂಡ್ 2008ರಲ್ಲಿ ಒಪ್ಪಿಕೊಳ್ಳಬೇಕಾಯಿತು. ಅದಕ್ಕೂ ಮೊದಲು ಅವರ ಸರಕಾರ ಅಂಥದ್ದೇನೂ ನಡೆದಿಲ್ಲ ಎಂದೇ ಹೇಳುತ್ತಿತ್ತು.

ಅಮೆರಿಕದ ಈ ಸೇನಾ ನೆಲೆ ಖಾಲಿ ಮರಳಿನ ಮೇಲೆ ಎದ್ದದ್ದಲ್ಲ. ಅಲ್ಲಿ ಜನರಿದ್ದರು. ಡಿಯೆಗೊ ಗಾರ್ಸಿಯಾ ಸೇರಿದ ಚಾಗೋಸ್ ದ್ವೀಪಸಮೂಹದಲ್ಲಿ ಒಂದೂವರೆಯಿಂದ ಎರಡು ಸಾವಿರ ಜನ ಬದುಕಿದ್ದರು. ಮೊಜಾಂಬಿಕ್, ಮಡಗಾಸ್ಕರ್‌ನಿಂದ ಗುಲಾಮರಾಗಿ ತಂದವರ ಮಕ್ಕಳು ಮರಿಮಕ್ಕಳು ಅವರು. ಗುಲಾಮಗಿರಿ ಹೋದ ಮೇಲೆ ಕರಾರಿನ ಕೂಲಿಗಳಾಗಿ ಹೋದ ಭಾರತೀಯರ ರಕ್ತವೂ ಅವರಲ್ಲಿತ್ತು. ತೆಂಗಿನ ತೋಟ, ಕೊಬ್ಬರಿ, ಮೀನು, ಚರ್ಚು, ಸ್ಮಶಾನ ಎಲ್ಲ ಇದ್ದ ಊರುಗಳು. ನಮ್ಮ ಉಡುಪಿ, ಕುಮಟೆ ಕಡೆಯವರು ಅಲ್ಲಿಗೆ ಹೋಗಿದ್ದರೆ ಅಂಗಳದಲ್ಲಿ ಒಣಗುವ ಕೊಬ್ಬರಿಯ ವಾಸನೆಗೇ ಮನೆಗೆ ಬಂದಂತೆ ಅನಿಸುತ್ತಿತ್ತು.

1965ರ ನವೆಂಬರ್ 8ರಂದು ಬ್ರಿಟನ್ ಈ ದ್ವೀಪಗಳನ್ನು ಮಾರಿಷಸ್‌ನಿಂದ ಕತ್ತರಿಸಿ ತನ್ನ ಹೊಸ ವಸಾಹತು ಮಾಡಿಕೊಂಡಿತು. ಮಾರಿಷಸ್‌ಗೆ ಇನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ; 30 ಲಕ್ಷ ಪೌಂಡ್ ಕೊಟ್ಟು ಬಾಯಿ ಮುಚ್ಚಿಸಲಾಯಿತು. 1966ರ ಡಿಸೆಂಬರ್‌ನಲ್ಲಿ ಅಮೆರಿಕದೊಡನೆ ಒಪ್ಪಂದವಾಯಿತು. ಅದರ ಹಿಂದೆ ಗುಟ್ಟಿನ ವ್ಯಾಪಾರವೊಂದಿತ್ತು. ಬ್ರಿಟನ್ ಕೊಳ್ಳುತ್ತಿದ್ದ ಪೊಲಾರಿಸ್ ಕ್ಷಿಪಣಿಗಳ ಬೆಲೆಯಲ್ಲಿ ಅಮೆರಿಕ 1.4 ಕೋಟಿ ಡಾಲರ್ ಬಿಟ್ಟುಕೊಟ್ಟಿತು. ಒಂದು ಜನಾಂಗದ ಊರು ಕ್ಷಿಪಣಿಯ ರಿಯಾಯಿತಿಗೆ ಹೋಯಿತು. ಕಡಲಹಕ್ಕಿಗಳನ್ನು ಬಿಟ್ಟರೆ ಅಲ್ಲಿ ಮೂಲನಿವಾಸಿಗಳೇ ಇರಬಾರದು ಎಂಬರ್ಥದ ಟಿಪ್ಪಣಿ ಲಂಡನ್ನಿನ ವಿದೇಶಾಂಗ ಕಚೇರಿಯ ಕಡತದಲ್ಲಿದೆ. ತಲೆಮಾರುಗಳಿಂದ ಹುಟ್ಟಿ ಸತ್ತ ಜನರನ್ನು 'ತಾತ್ಕಾಲಿಕ ಕೂಲಿಗಳು' ಎಂದು ಬರೆದುಕೊಂಡು ಜಗತ್ತಿಗೆ ಸುಳ್ಳು ಹೇಳಿದರು.

ಆಮೇಲೆ ನಡೆದದ್ದನ್ನು ಓದಿದರೆ ಹೊಟ್ಟೆ ಉರಿಯುತ್ತದೆ. ಚಿಕಿತ್ಸೆಗೆಂದೋ ನೆಂಟರನ್ನು ನೋಡಲೆಂದೋ ಮಾರಿಷಸ್‌ಗೆ ಹೋದವರನ್ನು ಮರಳಿ ಹಡಗು ಹತ್ತಿಸಲಿಲ್ಲ. ನಿಮ್ಮ ದ್ವೀಪ ಮುಚ್ಚಿದೆ ಎಂದರು. ಉಳಿದವರಿಗೆ ಅಕ್ಕಿ, ಔಷಧ ಬರುವುದು ಕಡಿಮೆಯಾಯಿತು. 1971ರಲ್ಲಿ ಅಮೆರಿಕದ ನೌಕಾಪಡೆಯ ಕಟ್ಟಡ ಕಾರ್ಮಿಕರು ಬಂದಿಳಿದು ಹವಳ ಸಿಡಿಸಲು, ತೆಂಗು ಉರುಳಿಸಲು ತೊಡಗಿದರು.

ದ್ವೀಪದ ಜನರ ಬಳಿ ನಾಯಿಗಳಿದ್ದವು, ಸಾವಿರಕ್ಕೆ ಹತ್ತಿರದಷ್ಟು. ದಂಡೆಯ ನೀರಿಗಿಳಿದು ಮೀನು ಹಿಡಿಯುವುದರಲ್ಲಿ ಪಳಗಿದ ನಾಯಿಗಳು. ಅವನ್ನೆಲ್ಲ ಕೊಲ್ಲಬೇಕೆಂದು ಬ್ರಿಟಿಷ್ ಆಡಳಿತಗಾರ ಬ್ರೂಸ್ ಗ್ರೇಟ್‌ಬ್ಯಾಚ್ ಆದೇಶ ಕೊಟ್ಟರು. ಮೊದಲು ಗುಂಡು ಹೊಡೆದರು, ಮುಗಿಯಲಿಲ್ಲ. ವಿಷ ಹಾಕಿದರು, ಆಗಲೂ ಮುಗಿಯಲಿಲ್ಲ. ಕೊನೆಗೆ ಮಾಂಸದ ತುಂಡು ತೋರಿಸಿ ನಾಯಿಗಳನ್ನು ಕೊಬ್ಬರಿ ಒಣಗಿಸುವ ಶೆಡ್ಡಿನೊಳಗೆ ಕೂಡಿಹಾಕಿ, ಬಾಗಿಲು ಬಿಗಿದು, ಅಮೆರಿಕದ ಸೇನಾ ವಾಹನಗಳ ಹೊಗೆಯನ್ನು ಕೊಳವೆಯಿಂದ ಒಳಗೆ ಬಿಟ್ಟರು. ತಮಗೆ ಅನ್ನ ಕೊಟ್ಟಿದ್ದ ಕೊಬ್ಬರಿಯ ಶೆಡ್ಡಿನಲ್ಲಿ ತಮ್ಮ ನಾಯಿಗಳು ಉಸಿರುಗಟ್ಟಿ ಸಾಯುವ ಸದ್ದನ್ನು, ಹಡಗಿಗಾಗಿ ಕಾದಿದ್ದ ಜನ ಕೇಳಿಸಿಕೊಂಡರು. ಮುಂದಿನ ಸರದಿ ನಮ್ಮದೋ ಎಂದು ಅವರು ಹೆದರಿದ್ದರಲ್ಲಿ ಆಶ್ಚರ್ಯವಿಲ್ಲ.

ನೋರ್ಡ್ವೇರ್ ಎಂಬ ಸಣ್ಣ ಹಡಗಿನಲ್ಲಿ ಕುದುರೆಗಳು ಡೆಕ್ಕಿನ ಮೇಲೆ, ಹೆಂಗಸರು ಮಕ್ಕಳು ಹಕ್ಕಿ ಹಿಕ್ಕೆಯ ಗೊಬ್ಬರದ ಮೂಟೆಗಳ ಮೇಲೆ. 1973ರಲ್ಲಿ ಅದೇ ದ್ವೀಪಸಮೂಹದ ಪೆರೋಸ್ ಬಾನ್ಹೋಸ್‌ನಿಂದ ಕೊನೆಯವರನ್ನೂ ಹೊರಡಿಸಿದರು. ಆ ಪ್ರಯಾಣದಲ್ಲಿ ಬಸುರಿಯಾಗಿದ್ದು ಮಗುವನ್ನು ಕಳೆದುಕೊಂಡ ಲಿಜ್ಬಿ ಎಲಿಜೆ ಎಂಬ ಹೆಂಗಸು, 2018ರಲ್ಲಿ ಹೇಗಿನ ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದೆ ತನ್ನ ಕ್ರಿಯೋಲ್ ಭಾಷೆಯಲ್ಲಿ ಆ ಕಥೆ ಹೇಳಿದಳು. ಓದು ಬರಹ ಕಲಿಯದ ಆ ತಾಯಿಯ ಸಾಕ್ಷ್ಯವನ್ನು ಎದುರಿಸಲು ದೊಡ್ಡ ದೊಡ್ಡ ವಕೀಲರ ಬಳಿ ಉತ್ತರವಿರಲಿಲ್ಲ.

ಕಾನೂನಿನ ಹಾದಿಯೂ ವಂಚನೆಯದ್ದೇ. ಚಾಗೋಸಿನವರ ನಾಯಕ ಒಲಿವಿಯೆ ಬಾಂಕೂಲ್ ಎತ್ತಂಗಡಿಯ ವಿರುದ್ಧ 2000ದಲ್ಲಿ ಲಂಡನ್ನಿನ ಹೈಕೋರ್ಟಿನಲ್ಲಿ ಗೆದ್ದರು. 2004ರಲ್ಲಿ ಸಂಸತ್ತನ್ನು ಬದಿಗಿಟ್ಟು ರಾಣಿಯ ಹೆಸರಿನ ಆದೇಶದಿಂದ ಆ ಗೆಲುವನ್ನು ಕಿತ್ತುಕೊಂಡರು. 2010ರಲ್ಲಿ ಹವಳ ಕಾಪಾಡುತ್ತೇವೆಂದು ಸುತ್ತಲಿನ ಕಡಲನ್ನೆಲ್ಲ ಸಂರಕ್ಷಿತ ಪ್ರದೇಶವೆಂದು ಸಾರಿದರು. ಅದರಿಂದ ಡಿಯೆಗೊ ಗಾರ್ಸಿಯಾವನ್ನು ಮಾತ್ರ ಹೊರಗಿಟ್ಟರು. ಜನ ಮರಳುವುದನ್ನು ತಡೆಯಲು ಇದು ಒಳ್ಳೆಯ ದಾರಿ ಎಂದು ಅಧಿಕಾರಿಗಳು ಮಾತಾಡಿಕೊಂಡದ್ದು ವಿಕಿಲೀಕ್ಸ್ ಹೊರಹಾಕಿದ ದಾಖಲೆಯಲ್ಲಿ ಸಿಕ್ಕಿಬಿತ್ತು. ಮೂರೂವರೆ ಕಿಲೋಮೀಟರಿಗಿಂತ ಉದ್ದದ ರನ್‌ವೇಗಾಗಿ ಹವಳ ಸಿಡಿಸಿದವರಿಗೆ ಇಲ್ಲದ ಕಾನೂನು, ಗಾಳ ಹಾಕಿ ಮೀನು ಹಿಡಿಯುವವನಿಗೆ ಮಾತ್ರ.

ದೇಶ ಕಾಯಲು ಒಂದಷ್ಟು ಜನ ಜಾಗ ಬಿಡಬೇಕಾಗುತ್ತದೆ ಎನ್ನುವವರು ನಮ್ಮಲ್ಲೂ ಇದ್ದಾರೆ. ಅವರು ಒಮ್ಮೆ ಕಾರವಾರ, ಅಂಕೋಲೆಗೆ ಹೋಗಿ ಬರಲಿ. ನಮ್ಮದೇ ನೌಕಾಪಡೆಯ ಸೀಬರ್ಡ್ ಯೋಜನೆಗೆ 1986ರಲ್ಲಿ ಶಂಕುಸ್ಥಾಪನೆಯಾಯಿತು. ಅದಕ್ಕೆ ಗದ್ದೆ, ಮನೆ, ಮೀನಿನ ದಂಡೆ ಬಿಟ್ಟುಕೊಟ್ಟವರು ಪರಿಹಾರಕ್ಕಾಗಿ ದಶಕಗಟ್ಟಲೆ ಕೋರ್ಟು ಅಲೆದಿದ್ದಾರೆ. ತಮ್ಮದೇ ಸರಕಾರ, ತಮ್ಮದೇ ಶಾಸಕ, ತಮ್ಮದೇ ಕೋರ್ಟು ಇರುವವರ ಪಾಡೇ ಇದು. ಪರದೇಶದ ಸೇನೆಗಾಗಿ ಎತ್ತಂಗಡಿಯಾದ ಚಾಗೋಸಿನವರಿಗೆ ಅದೂ ಇರಲಿಲ್ಲ.

ಯುದ್ಧದ ಸರಕು ಜನವಸತಿಯ ನಡುವೆ ಬಂದರೆ ಏನಾಗುತ್ತದೆಂದು ಮುಂಬಯಿಗೆ ಯಾರೂ ಪಾಠ ಹೇಳಬೇಕಿಲ್ಲ. ಅಮೆರಿಕದ ಲೆಂಡ್-ಲೀಸ್ ವ್ಯವಸ್ಥೆಯಲ್ಲಿ ಬ್ರಿಟನ್ನಿಗೆ ಸಿಕ್ಕಿದ್ದ ಫೋರ್ಟ್ ಸ್ಟೈಕಿನ್ ಎಂಬ ಹಡಗು 1944ರ ಏಪ್ರಿಲ್ 12ರಂದು ಇಲ್ಲಿನ ವಿಕ್ಟೋರಿಯಾ ಡಾಕಿಗೆ ಬಂತು. ಅದರಲ್ಲಿ ಸುಮಾರು 1,400 ಟನ್ ಸ್ಫೋಟಕ. ಕರಾಚಿಯಲ್ಲಿ ಅದರ ಜೊತೆಗೇ ಹತ್ತಿಯ ಬೇಲು, ಎಣ್ಣೆಯ ಪೀಪಾಯಿ, ಗಂಧಕ, ಮರ ತುಂಬಿದ್ದರು. ಕ್ಯಾಪ್ಟನ್ ಬೇಡವೆಂದರೂ ಕೇಳಲಿಲ್ಲ, ಯುದ್ಧಕಾಲ ಎಂಬುದು ಎಲ್ಲದಕ್ಕೂ ಉತ್ತರವಾಗಿತ್ತು. ಅಪಾಯದ ಸರಕಿದೆ ಎಂದು ತೋರಿಸುವ ಕೆಂಪು ಬಾವುಟವನ್ನೂ ಏರಿಸಲಿಲ್ಲ. ಏಪ್ರಿಲ್ 14ರ ಮಧ್ಯಾಹ್ನ ಹತ್ತಿಗೆ ಬೆಂಕಿ ಹತ್ತಿತು. ಹಡಗನ್ನು ಮುಳುಗಿಸುವುದೋ, ಕಡಲಿಗೆ ಎಳೆದೊಯ್ಯುವುದೋ, ಇದ್ದಲ್ಲೇ ನೀರು ಹಾಯಿಸುವುದೋ ಎಂದು ಅಧಿಕಾರಿಗಳು ನಿರ್ಧಾರಕ್ಕೇ ಬರಲಿಲ್ಲ. ನಾಲ್ಕು ಗಂಟೆ ದಾಟಿದ ಆರನೇ ನಿಮಿಷಕ್ಕೆ ಮೊದಲ ಸ್ಫೋಟ, ಅರ್ಧ ಗಂಟೆಯೊಳಗೆ ಎರಡನೆಯದು. ಸಿಮ್ಲಾದ ಭೂಕಂಪ ಮಾಪಕ ಅದನ್ನು ದಾಖಲಿಸಿತು. ನೀರು ಹಾಯಿಸುತ್ತಿದ್ದ 66 ಅಗ್ನಿಶಾಮಕರು ಸತ್ತರು; ಏಪ್ರಿಲ್ 14ನ್ನು ದೇಶ ಇಂದಿಗೂ ಅಗ್ನಿಶಾಮಕ ದಿನವೆಂದು ಆಚರಿಸುವುದು ಅವರ ನೆನಪಿಗೆ. ಸುಮಾರು 80,000 ಜನ ಮನೆ ಕಳೆದುಕೊಂಡರು. ಸತ್ತವರು ಎಂಟುನೂರೋ ಸಾವಿರದ ಮುನ್ನೂರೋ, ಲೆಕ್ಕ ಒಂದಿಲ್ಲ. ಡಾಕಿನ ಕೂಲಿಯ ಹೆಸರನ್ನು ಯಾರು ಬರೆದಿಟ್ಟಿದ್ದರು? ಸೆನ್ಸಾರಿನವರು ಸುದ್ದಿಯನ್ನು ತಡೆದರು. ಜಪಾನೀಯರ ಹಿಡಿತದಲ್ಲಿದ್ದ ಸೈಗಾನ್ ರೇಡಿಯೋ ಮರುದಿನವೇ ಅದನ್ನು ಬಿತ್ತರಿಸಿತು.

ಆ ಡಾಕಿನ ಪಕ್ಕದ ರಸ್ತೆಗೆ ಈಗ ಪಿ. ಡಿಮೆಲ್ಲೊ ಹೆಸರಿದೆ. ಬಂದರಿನ ಕೂಲಿಗಳನ್ನು ಸಂಘಟಿಸಿದ ಅವರ ಗರಡಿಯಲ್ಲಿ ಪಳಗಿದವರು ಮಂಗಳೂರಿನಿಂದ ಬರಿಗೈಯಲ್ಲಿ ಬಂದ ಜಾರ್ಜ್ ಫರ್ನಾಂಡಿಸ್. ಏನು ಇಳಿಯಬೇಕು, ಏನು ಇಳಿಯಬಾರದು ಎಂದು ಕೇಳುವ ಗಂಟಲು ಆಗ ಈ ಬಂದರಿಗಿತ್ತು.

ಈಗ? 2016ರ ಆಗಸ್ಟ್ 29ರಂದು ವಾಷಿಂಗ್ಟನ್ನಿನಲ್ಲಿ ರಕ್ಷಣಾ ಮಂತ್ರಿ ಮನೋಹರ್ ಪರ್ರಿಕರ್ ಅಮೆರಿಕದೊಡನೆ ಸೇನಾ ಸರಬರಾಜು ಒಪ್ಪಂದಕ್ಕೆ ಸಹಿ ಹಾಕಿದರು. ಪರಸ್ಪರರ ಹಡಗು, ವಿಮಾನಗಳಿಗೆ ಇಂಧನ, ಆಹಾರ, ದುರಸ್ತಿ ಕೊಡುವ ಒಪ್ಪಂದ. 2023ರಲ್ಲಿ ಅಮೆರಿಕದ ನೌಕಾಪಡೆಯ ಹಡಗುಗಳ ದುರಸ್ತಿಗೆ ನಮ್ಮ ಮಝಗಾಂವ್ ಡಾಕ್ ಒಪ್ಪಂದ ಮಾಡಿಕೊಂಡಿತು. ಇದರಿಂದ ಯಾರಿಗೂ ಸೇನಾ ನೆಲೆ ಸಿಗುವುದಿಲ್ಲ, ಪ್ರತಿ ಸಲವೂ ಅನುಮತಿ ಬೇಕು ಎಂದು ಸರಕಾರ ಹೇಳುತ್ತದೆ. ಒಪ್ಪಂದದ ಮಾತು ಹಾಗೆಯೇ ಇದೆ, ಅದನ್ನು ಅಲ್ಲಗಳೆಯುವುದಿಲ್ಲ. ದುರಸ್ತಿಯಿಂದ ಕೆಲಸ ಸಿಗುತ್ತದೆ ಎಂಬ ಮಾತೂ ಸುಳ್ಳಲ್ಲ. ಡಾಕಿನ ಕೆಲಸವನ್ನೇ ನಂಬಿದ ಮನೆಗಳು ಈ ಊರಿನಲ್ಲಿವೆ. ಆದರೆ ಅನುಮತಿ ಕೊಡುವವರು ಯಾರು, ಯಾವ ಹಡಗಿಗೆ, ಅದು ಎಲ್ಲಿಂದ ಬಂದು ಯಾರ ಮೇಲೆ ಬಾಂಬು ಹಾಕಲು ಹೊರಟಿದೆ ಎಂಬುದನ್ನು ಮಝಗಾಂವ್‌ನ ಚಾಳಿನಲ್ಲಿರುವವನಿಗೆ ಯಾರು ಹೇಳುತ್ತಾರೆ? 1991ರಲ್ಲೂ ಅನುಮತಿ ಇತ್ತು. ಅದನ್ನು ಕೊಟ್ಟದ್ದು ಜನರ ಬೆನ್ನ ಹಿಂದೆ.

ಕೊಲ್ಲಿಯಲ್ಲಿ ಇಂದಿಗೂ ಲಕ್ಷಾಂತರ ಭಾರತೀಯರು ದುಡಿಯುತ್ತಿದ್ದಾರೆ. ಅಲ್ಲಿ ಬೀಳುವ ಬಾಂಬಿಗೆ ನಮ್ಮ ನೆಲದಲ್ಲಿ ಇಂಧನ ತುಂಬಿಸುವುದೆಂದರೆ ನಮ್ಮ ಮಕ್ಕಳ ಅನ್ನಕ್ಕೆ ನಾವೇ ಮಣ್ಣು ಹಾಕುವುದು. ಸತ್ತವರಲ್ಲಿ ನಮ್ಮವರಿಲ್ಲದಿದ್ದರೂ ಪಾಪದ ಪಾಲು ತಪ್ಪುವುದಿಲ್ಲ.

2019ರ ಫೆಬ್ರುವರಿಯಲ್ಲಿ ಹೇಗಿನ ನ್ಯಾಯಾಲಯ, ಚಾಗೋಸನ್ನು ಮಾರಿಷಸ್‌ನಿಂದ ಬೇರ್ಪಡಿಸಿದ್ದು ಕಾನೂನುಬಾಹಿರ ಎಂದು ಹೇಳಿತು. ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 116 ದೇಶಗಳು ಮಾರಿಷಸ್ ಪರ ನಿಂತವು, ಎದುರು ನಿಂತದ್ದು ಆರು. ಭಾರತ ಮಾರಿಷಸ್ ಪರ ಮತ ಹಾಕಿತು. ಅದು ಸರಿಯಾದ ಮತ. ಆಮೇಲೆ 2025ರ ಮೇ 22ರಂದು ಬ್ರಿಟನ್ ಮತ್ತು ಮಾರಿಷಸ್ ಒಪ್ಪಂದಕ್ಕೆ ಸಹಿ ಹಾಕಿದವು. ಅದರ ಪ್ರಕಾರ ದ್ವೀಪಗಳು ಮಾರಿಷಸ್‌ನವು, ಡಿಯೆಗೊ ಗಾರ್ಸಿಯಾ ಮಾತ್ರ 99 ವರ್ಷ ಸೇನಾ ನೆಲೆಯಾಗಿಯೇ ಇರಬೇಕು, ಅದಕ್ಕೆ ವರ್ಷಕ್ಕೆ ಸರಾಸರಿ 10.1 ಕೋಟಿ ಪೌಂಡ್ ಬಾಡಿಗೆ. ನಮ್ಮ ಸರಕಾರ ಅದನ್ನು ಸ್ವಾಗತಿಸಿತು. ಊರು ಕಳೆದುಕೊಂಡವರನ್ನು ಆ ಮಾತುಕತೆಯ ಮೇಜಿಗೆ ಕರೆಯಲೇ ಇಲ್ಲ. ಇಂಥ ಒಪ್ಪಂದವನ್ನು ಸ್ವಾಗತಿಸಲು ನಮಗೆ ಏನು ಹಕ್ಕಿದೆ?

ಮುಂಬಯಿಯ ಕನ್ನಡಿಗರು ಈ ಊರಿನಲ್ಲಿ ಸಂಘ ಕಟ್ಟಿದವರು, ರಾತ್ರಿಶಾಲೆ ನಡೆಸಿದವರು, ಗಿರಣಿ ಮತ್ತು ಬಂದರಿನ ಹೋರಾಟಗಳಲ್ಲಿ ಬೀದಿಗಿಳಿದವರು. ನಿಮ್ಮ ಲೋಕಸಭಾ ಸದಸ್ಯರಿಗೆ ಒಂದು ಪತ್ರ ಬರೆಯಿರಿ. ಸಹಾರ್‌ನಲ್ಲಾಗಲಿ, ಮಝಗಾಂವ್‌ನಲ್ಲಾಗಲಿ ಪರದೇಶದ ಸೇನೆಗೆ ಕೊಟ್ಟ ಪ್ರತಿಯೊಂದು ಅನುಮತಿಯನ್ನೂ ಸಂಸತ್ತಿನ ಮುಂದಿಡಬೇಕೆಂದು ಕೇಳಿ. ಚಾಗೋಸಿನವರು ಪಕ್ಕದ ದ್ವೀಪಗಳಿಗಲ್ಲ, ಡಿಯೆಗೊ ಗಾರ್ಸಿಯಾದ ತಮ್ಮ ಊರಿಗೇ ಮರಳಬೇಕೆಂದು ಭಾರತ ಬಾಯಿಬಿಟ್ಟು ಹೇಳಬೇಕೆಂದು ಕೇಳಿ. ಹಡಗು ಹತ್ತಿ ಹೊರಟ ಆ ಜನರಲ್ಲಿ ಹುಟ್ಟೂರನ್ನು ಕಣ್ಣಾರೆ ಕಂಡವರು ಈಗ ಮುದುಕರಾಗಿದ್ದಾರೆ, ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಪತ್ರವನ್ನು ಈ ವಾರವೇ ಬರೆಯಿರಿ.