ಗಾಜಿನ ತೊಟ್ಟಿಯ ಕಡಲು, ಉಣಿಸುವ ಕೈಯ ವಿಷ

ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸುವ ಸಂಪ್ರದಾಯವನ್ನು ಮುಂಬೈ, ಪುಣೆಗಳ ಬಹುಮಹಡಿ ಮನೆಗಳಲ್ಲಿಯೂ ಬಿಡದ ಕುಟುಂಬಗಳಿವೆ. ಅಂಥ ಮನೆಯ ಹಜಾರದಲ್ಲಿಯೇ ಉಪ್ಪುನೀರಿನ ಮೀನುತೊಟ್ಟಿಯಿದ್ದು, ಅದರ ನೈಟ್ರೇಟ್ ಲೀಟರಿಗೆ 80 ಮಿಲಿಗ್ರಾಂ ಮುಟ್ಟಿದ್ದರೆ ಆ ಸಂಪ್ರದಾಯಕ್ಕೆ ಅರ್ಥವೇನು? ಹವಳದ ದಿಬ್ಬಗಳ ಸುತ್ತಲಿನ ಕಡಲಿನಲ್ಲಿ ಅದು ಸಾಮಾನ್ಯವಾಗಿ 1 ಮಿಲಿಗ್ರಾಂ ಅನ್ನೂ ಮೀರದು.

ವಿಷದ ಮೂಲ ಉಣಿಸುವ ಕೈಯಲ್ಲಿಯೇ ಇದೆ. ಮೀನು ತಿನ್ನದೆ ಬಿಟ್ಟ ಆಹಾರ, ಅದರ ಮಲ ಎರಡೂ ಕೊಳೆತು ಅಮೋನಿಯಾ ಉಂಟಾಗುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಅದು ದಿನದಿನಕ್ಕೆ ಶೇಖರವಾಗುತ್ತದೆ. ಅಜ್ಜಿಯೊಮ್ಮೆ, ಮಕ್ಕಳೊಮ್ಮೆ, ಬಂದ ನೆಂಟರೊಮ್ಮೆ ಚಿಟಿಕೆ ಚಿಟಿಕೆ ಉದುರಿಸುವ, ಯತ್ನಾಚಾರವೇ ಇಲ್ಲದ ಈ ಉಪಚಾರವನ್ನು ದಯೆಯೆಂದು ಕರೆಯುವುದು ಆತ್ಮವಂಚನೆ.

ಅಂಗಡಿಯ ಸೀಸೆಗಳು ಈ ತಪ್ಪನ್ನು ತಿದ್ದಲಾರವು. ಕಾಲುಭಾಗ ನೀರು ಬದಲಿಸಿದರೆ 80 ಇದ್ದದ್ದು 60ಕ್ಕೆ ಇಳಿಯುತ್ತದೆ, ಮತ್ತೊಮ್ಮೆ ಬದಲಿಸಿದರೆ 45ಕ್ಕೆ. ಅದೂ ಹೊಸ ನೀರಿನಲ್ಲಿ ನೈಟ್ರೇಟ್ ಇಲ್ಲದಿದ್ದರೆ ಮಾತ್ರ. ಕುಡಿಯುವ ನೀರಿನಲ್ಲಿಯೇ 45 ಮಿಲಿಗ್ರಾಂವರೆಗೆ ಭಾರತೀಯ ಮಾನಕವು ಒಪ್ಪುತ್ತದೆಂಬುದನ್ನು ಕೊಳವೆಬಾವಿಯ ನೀರಿಗೆ ಉಪ್ಪು ಬೆರೆಸುವವರು ಮರೆಯುತ್ತಾರೆ. ಒಮ್ಮೆಗೇ ಪೂರ್ತಿ ಬದಲಿಸುವ ಆತುರವಂತೂ ಮೀನಿನ ಪ್ರಾಣಕ್ಕೇ ಎರವು. ಮಿತವಾದ ಆಹಾರ, ಆರ್.ಓ. ನೀರು, ಕೊಳೆಯನ್ನು ನೊರೆಯಾಗಿಸಿ ಹೊರಹಾಕುವ ಪ್ರೋಟೀನ್ ಸ್ಕಿಮ್ಮರ್, ತಪ್ಪದ ಪರೀಕ್ಷೆ: ಇಷ್ಟಕ್ಕೆ ಬಿಡುವಿಲ್ಲದ ಮನೆಯು ಕಡಲ ಮೀನನ್ನು ತರುವುದಾದರೂ ಏಕೆ? ಮಾರಾಟಕ್ಕೆ ಬರುವ ಅಂಥ ಮೀನುಗಳಲ್ಲಿ ಬಹುಪಾಲು ಇಂದಿಗೂ ಸಾಕಿ ಬೆಳೆಸಿದವಲ್ಲ, ಕಡಲಿನಿಂದಲೇ ಹಿಡಿದು ತಂದವು.