‘ನಿತ್ಯೋತ್ಸವ’ದ ಹಿರಿಮೆ

ಹಾಡಿದರೆ ಕವಿತೆಯ ಅರ್ಥ ರಾಗದಲ್ಲಿ ಮುಳುಗಿಹೋಗುತ್ತದೆಂದು ಕೆಲವು ಮಿತ್ರರು ವಾದಿಸುವುದುಂಟು. ನಾನು ಒಪ್ಪಲಾರೆ. ಕೆ. ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಕೂಡಿಸಿದ ‘ನಿತ್ಯೋತ್ಸವ’ 1978ರಲ್ಲಿ ಹೊರಬಂದಿತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಅದೇ. ಅದರಲ್ಲಿ ವಾದ್ಯಗಳು ಮಾತಿನ ಮೇಲೆ ಸವಾರಿ ಮಾಡುವುದಿಲ್ಲ. ಒಂದೊಂದು ಪದವೂ ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತದೆ.

ನನ್ನ ತಾಯಿಗೆ ಅಕ್ಷರ ಬಾರದು. ಗೇರುಸೊಪ್ಪದ ನಮ್ಮ ಮನೆಯಲ್ಲಿ ಅಡಿಕೆ ಸುಲಿಯುತ್ತ ಆ ಹಾಡು ಕೇಳುವಾಗ, ಜೋಗದ ಹೆಸರು ಬಂದೊಡನೆ ಕೈ ನಿಲ್ಲಿಸುತ್ತಾಳೆ. ಅಲ್ಲಿ ಧುಮುಕಿದ ಶರಾವತಿಯೇ ಅಲ್ಲವೇ ನಮ್ಮೂರಿಗೆ ಇಳಿದು ಬರುವುದು! ಒಮ್ಮೆ, “ನಿತ್ಯ ಎಲ್ಲಿ ಉತ್ಸವ? ಲಿಂಗನಮಕ್ಕಿಗೆ ಕಟ್ಟು ಹಾಕಿದ ಮೇಲೆ ಜೋಗ ಮಳೆಗಾಲಕ್ಕೆ ಮಾತ್ರ ಅಲ್ಲವಾ?” ಎಂದು ಕೇಳಿಬಿಟ್ಟಳು. ಧ್ವನಿಸುರುಳಿ ಬಂದಾಗಲೇ ಆ ಅಣೆಕಟ್ಟು ಮುಗಿದು 14 ವರ್ಷ ಕಳೆದಿತ್ತು. ಪುಸ್ತಕದಲ್ಲಿ ಆ ಕವಿತೆಯನ್ನು ಎಷ್ಟೋ ಸಲ ಓದಿದ್ದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ.