ಅಪ್ಪನ ಯೆಜ್ಡಿಯ ಹಿಂದಿನ ಬ್ರೇಕು

ಅಪ್ಪ ತೀರಿಕೊಂಡ ಮೇಲೆ ಮೈಸೂರಿನ ಮನೆಯ ಹಿತ್ತಲಲ್ಲಿ ಒಂಬತ್ತು ವರ್ಷ ಗೋಣಿತಾಟು ಹೊದ್ದು ನಿಂತಿದ್ದ ಅವರ ಯೆಜ್ಡಿ ರೋಡ್‌ಕಿಂಗ್, ಈ ಬೇಸಿಗೆಯಲ್ಲಿ ಲಾರಿ ಹತ್ತಿ ಅಂಬತ್ತೂರಿಗೆ ಬಂತು. ಕಿಕ್ಕರಿಗೂ ಗೇರಿಗೂ ಒಂದೇ ಲಿವರ್ ಇರುವ ಈ ಗಾಡಿ ನಮ್ಮ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯದು. ಆ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಕಾರ್ಬುರೇಟರ್ ತೊಳೆಸಿ, ಗಟ್ಟಿಯಾಗಿದ್ದ ಪೆಟ್ರೋಲ್ ಪೈಪನ್ನೂ ಟೈರುಗಳನ್ನೂ ಬದಲಾಯಿಸಿದ ಮೇಲೆ ಏಳನೇ ಕಿಕ್ಕಿಗೆ ಶುರುವಾಯಿತು. ಮಗಳು ಆಗಲೇ ಹೆಲ್ಮೆಟ್ ಹಾಕಿಕೊಂಡು ನಿಂತಿದ್ದಳು. "ಮೊದಲು ನೀವೊಬ್ಬರೇ ಒಂದು ರೌಂಡ್ ಹೋಗಿ ಬನ್ನಿ" ಎಂದಳು ಹೆಂಡತಿ.

ಅವಳ ಮಾತು ಕೇಳಿದ್ದು ಒಳ್ಳೆಯದಾಯಿತು. ಸಿ.ಟಿ.ಎಚ್. ರಸ್ತೆಯಲ್ಲಿ, ಅಂಬತ್ತೂರು ಓ.ಟಿ. ಹತ್ತಿರ, ಮುಂದಿದ್ದ ಬಸ್ಸು ಗಕ್ಕನೆ ನಿಂತಿತು. ಹಿಂದಿನ ಬ್ರೇಕನ್ನು ಪೂರ್ತಿ ತುಳಿದರೂ ಗಾಡಿ ತನ್ನ ಪಾಡಿಗೆ ಹೋಗುತ್ತಲೇ ಇತ್ತು. ಮುಂದಿನ ಬ್ರೇಕ್ ಹಿಡಿದು, ಬಸ್ಸಿನ ಬಂಪರಿಗೆ ಗೇಣು ದೂರದಲ್ಲಿ ನಿಂತೆ.

ಮನೆಗೆ ಬಂದವನು ಅಡ್ಜಸ್ಟಿಂಗ್ ನಟ್ಟನ್ನು ಆದಷ್ಟೂ ಬಿಗಿ ಮಾಡಿದೆ. ಪೆಡಲ್ ಮೇಲೆ ಬಂತು, ಬ್ರೇಕ್ ಮಾತ್ರ ಬರಲಿಲ್ಲ. ಮೂಲ ಕಾರಣ ಹುಡುಕದೆ ಪ್ಯಾಚ್ ಹಾಕಿ ಮುಗಿಸುವುದು ನಮ್ಮ ಕೆಲಸದವರ ಹಳೇ ಚಾಳಿ!

ಮಾರನೇ ದಿನ ಇಂಡಸ್ಟ್ರಿಯಲ್ ಎಸ್ಟೇಟ್ ಹತ್ತಿರದ ವಯಸ್ಸಾದ ಮೆಕ್ಯಾನಿಕ್ ಒಬ್ಬರ ಬಳಿ ಹೋದೆ. ನಟ್ ನೋಡಿದವರೇ ತಮಿಳಿನಲ್ಲಿ, "ಬಿಗಿ ಮಾಡೋಕೆ ಇನ್ನು ಥ್ರೆಡ್ ಎಲ್ಲಿದೆ ತಂಬಿ? ಬಿಚ್ಚೋಣ" ಎಂದರು. ಡ್ರಮ್ ಬ್ರೇಕಿನಲ್ಲಿ ಪೆಡಲ್ ತುಳಿದರೆ ಹೊರಗಿನ ಆರ್ಮ್ ತಿರುಗುತ್ತದೆ. ಒಳಗಿನ ಕ್ಯಾಮ್ ಎರಡು ಶೂಗಳನ್ನು ಅಗಲಿಸಿ ಡ್ರಮ್ಮಿಗೆ ಒತ್ತುತ್ತದೆ. ಪೂರ್ತಿ ತುಳಿದಾಗ ಆರ್ಮ್, ಅದನ್ನು ಎಳೆಯುವ ದಿಕ್ಕಿಗೆ ಹೆಚ್ಚುಕಮ್ಮಿ 90 ಡಿಗ್ರಿಯಲ್ಲಿರಬೇಕು. ಅದನ್ನು ತುಂಬಾ ದಾಟಿದರೆ ಕಾಲಿನ ಬಲ ಪೋಲಾಗುತ್ತದೆ. ನಮ್ಮದು ಯಾವತ್ತೋ ದಾಟಿತ್ತು.

ಚಕ್ರ ಬಿಚ್ಚಿದರೆ ಡ್ರಮ್ಮಿನೊಳಗೆ ತುಕ್ಕು. ಗ್ರೀಸ್ ಒಣಗಿ ಕ್ಯಾಮ್ ಬಿಗಿದುಕೊಂಡಿತ್ತು. ಹಳೇ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದೆಂದು ಧೂಳನ್ನು ಊದದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರು. ಕೆಳಗೆ ಕಂಡದ್ದು ಕಾಗದದಷ್ಟು ತೆಳುವಾಗಿದ್ದ ಲೈನಿಂಗ್.

"ಇಷ್ಟು ವರ್ಷ ನಿಂತಿತ್ತಲ್ಲ, ಅದಕ್ಕೇ" ಎಂದೆ.

"ನಿಂತರೆ ತುಕ್ಕು ಹಿಡಿಯುತ್ತೆ ತಂಬಿ, ಲೈನಿಂಗ್ ಸವೆಯಲ್ಲ. ಓಡಿಸಿದವರು ನಟ್ ಬಿಗಿ ಮಾಡ್ಕೊಂಡೇ ಕಾಲ ಹಾಕಿದ್ದಾರೆ."

ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿದೆ. "ಶೂ ಹಾಕಿಸಿ ಅಂತ ಎಷ್ಟು ಸಲ ಹೇಳಿದ್ದೆ! ಮುಂದಿನ ತಿಂಗಳು ಅನ್ನೋರು. ನಮ್ಮ ರಸ್ತೆ ಇಳಿಜಾರಲ್ಲಿ ಗಾಡಿಯಿಂದ ಇಳಿದು, ಹಿಡ್ಕೊಂಡು ನಡ್ಕೊಂಡೇ ಬರೋರು. ನೆನಪಿಲ್ವೇನೋ?"

ನೆನಪಿತ್ತು. ಪೆಟ್ರೋಲ್ ಉಳಿಸುವ ಜಿಪುಣತನ ಎಂದು ನಾನೂ ತಂಗಿಯೂ ನಗುತ್ತಿದ್ದೆವು. ಟೂ ಸ್ಟ್ರೋಕ್ ಗಾಡಿ. ಇಳಿಜಾರಿನಲ್ಲಿ ಇಂಜಿನ್ ಕೂಡ ಅಷ್ಟಾಗಿ ತಡೆಯುವುದಿಲ್ಲ. ನನ್ನ ಎಂ.ಟೆಕ್ ಸಾಲ, ತಂಗಿಯ ಮದುವೆ ಎರಡೂ ಅವರ ತಲೆ ಮೇಲಿದ್ದ ವರ್ಷಗಳವು. ಒಂದು ಜೊತೆ ಬ್ರೇಕ್ ಶೂ ಎಷ್ಟು ಮಹಾ ದುಡ್ಡು ಎಂದು ಈಗ ನಾನು ಕೇಳಬಹುದು.

ಹೊಸ ಶೂ ಬಂತು. ಬ್ರೇಕಿಗೆ ಈ ಊರು ತವರು: 1960ರ ದಶಕದಲ್ಲೇ ಅಂಬತ್ತೂರಿನಲ್ಲಿ ರಾಣೆ ಬ್ರೇಕ್ ಲೈನಿಂಗ್, ಪಕ್ಕದ ಪಾಡಿಯಲ್ಲಿ ಬ್ರೇಕ್ಸ್ ಇಂಡಿಯಾ ಶುರುವಾಗಿದ್ದವು. ಮೆಕ್ಯಾನಿಕ್ ಕ್ಯಾಮನ್ನು ಹೊರತೆಗೆದು ತಿಕ್ಕಿ, ಬೆರಳ ತುದಿಯಷ್ಟೇ ಗ್ರೀಸ್ ಸವರಿದರು. ಹೆಚ್ಚಾದರೆ ಅದು ಲೈನಿಂಗಿಗೆ ಇಳಿಯುತ್ತದೆ. ಡ್ರಮ್ಮಿಗೆ ಉಪ್ಪುಕಾಗದ ಹಿಡಿದು, ಒಳಗೆ ಸೀಮೆಸುಣ್ಣ ಬಳಿದು, ಶೂ ಎಲ್ಲೆಲ್ಲಿ ತಾಗುತ್ತದೆಂದು ನೋಡಿ, ಎದ್ದಿದ್ದ ಕಡೆ ಉಜ್ಜಿದರು. ಕೊನೆಗೆ ಚಕ್ರ ಸಲೀಸಾಗಿ ತಿರುಗುವಷ್ಟು ಸಡಿಲ ಬಿಟ್ಟರು.

ನಿಮ್ಮ ಊರಿನ ಮನೆಯಲ್ಲೂ ಇಂಥದೊಂದು ಗಾಡಿ ನಿಂತಿದ್ದರೆ, ಇಂಜಿನ್ ಶುರುವಾದ ಖುಷಿಯಲ್ಲಿ ರಸ್ತೆಗಿಳಿಯಬೇಡಿ. ಮೊದಲು ಎರಡೂ ಚಕ್ರ ಬಿಚ್ಚಿಸಿ ನೋಡಿ.

ಹೊಸ ಶೂ ಪಳಗಲೆಂದು ಎರಡು ವಾರ ಒಬ್ಬನೇ ಓಡಿಸಿದೆ. ಕಳೆದ ಭಾನುವಾರ ಮಗಳನ್ನು ಕೂರಿಸಿಕೊಂಡು ಅಂಬತ್ತೂರು ಕೆರೆಯವರೆಗೆ ಹೋಗಿ ಬಂದೆ. ರಾತ್ರಿ ಅಮ್ಮ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಬ್ರೇಕ್ ಹಿಡಿಯುತ್ತೇನೋ?"

"ಹಿಡಿಯುತ್ತಮ್ಮ" ಎಂದೆ.